ಎರಡು ದೆವ್ವ, ಒಂದೇ ದಾರ

ಮೂವತ್ತು ವರ್ಷಗಳಲ್ಲಿ ನನ್ನ ಬೈಂಡಿಂಗ್ ಅಂಗಡಿಯಿಂದ ಕೆಟ್ಟು ಹೊರಗೆ ಹೋದ ಪುಸ್ತಕ ಒಂದೇ ಒಂದು. ಅದನ್ನು ಹೊಲಿದವನು ನಾನಲ್ಲ. ಆದರೆ ಹಿಂದಿನ ರಟ್ಟಿನ ಒಳಮೈಗೆ ಅಂಟಿಸಿದ ಚೀಟಿ ನನ್ನ ಅಂಗಡಿಯದು. ಹಾಗಾಗಿ ಕೆಟ್ಟ ಹೆಸರು ಬಂದದ್ದು ನನಗೆ. ಹನ್ನೆರಡು ವರ್ಷವಾಯಿತು, ಎದುರಿನ ಫೋಟೋ ಸ್ಟುಡಿಯೋದವನು ಇವತ್ತಿಗೂ ನಾನು ಅಂಗಡಿ ಬಾಗಿಲು ಎತ್ತುವುದನ್ನೇ ಕಾದಿದ್ದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾನೆ: "ಏನಪ್ಪಾ ಎರಡು ದೆವ್ವ! ಇವತ್ತು ಯಾರ ತಲೆಗೆ ಯಾರ ಬಾಲ ಹೊಲೀತೀಯ?"

ನಾನು ಸುಮ್ಮನಿರುವ ಆಸಾಮಿಯಲ್ಲ. ಅವನು ಒಂದು ಎಸೆದರೆ ನಾನು ಎರಡು ಎಸೆಯುತ್ತೇನೆ. ಆದರೆ ಅದನ್ನು ಹೊಲಿದ ನಮ್ಮಕ್ಕ ಅಲ್ಲೇ ಬಾಗಿಲ ಪಕ್ಕದ ಮಣೆಯ ಮೇಲೆ ಕೂತು, ಹಾಳೆ ಮಡಚುತ್ತ, ಇದಕ್ಕೂ ತನಗೂ ಸಂಬಂಧವೇ ಇಲ್ಲವೆನ್ನುವ ಹಾಗೆ ಮುಖ ಮಾಡಿಕೊಂಡಿರುತ್ತಾಳಲ್ಲ, ಅದು ನನಗೆ ಮೈಯೆಲ್ಲ ಉರಿಸುತ್ತದೆ. "ಅದು ನಾನು ಮಾಡಿದ್ದು ಕಣಪ್ಪ, ಅವನಲ್ಲ" ಎಂದು ಒಂದೇ ಒಂದು ಸಲ ಅಂದಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಅನ್ನಲಿಲ್ಲ. ಈಗಲೂ ಅನ್ನುವುದಿಲ್ಲ.

ಅಕ್ಕನ ವಿಷಯ ಬರೆಯಲು ಕೂತರೆ ಮೊದಲು ಬರುವುದು ಈ ಸಿಟ್ಟು. ಅದನ್ನು ಆಚೆ ಹಾಕಿದ್ದಾಯಿತು. ಇನ್ನು ನೆಟ್ಟಗೆ ಹೇಳುತ್ತೇನೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನನಗೆ ಆರು, ಅವಳಿಗೆ ಹದಿನೈದು. ಹತ್ತನೇ ತರಗತಿ ಮುಗಿದ ಮಾರನೆಯ ದಿನ ಅವಳು ಶಾಲೆಯ ಚೀಲವನ್ನು ಮೊಳೆಗೆ ನೇತುಹಾಕಿ, ಅಪ್ಪನ ಅಂಗಡಿಗೆ ಬಂದು, ಅಮ್ಮ ಕೂರುತ್ತಿದ್ದ ಮಣೆಯ ಮೇಲೆ ಕೂತಳು. ಅಮ್ಮನ ಸೂಜಿ, ಅಮ್ಮನ ಮೇಣದ ಉಂಡೆ, ಸೂಜಿ ಚುಚ್ಚದ ಹಾಗೆ ಬೆರಳಿಗೆ ಅಮ್ಮನದೇ ಹಿತ್ತಾಳೆ ಟೋಪಿ. ತಮ್ಮ ಓದಲಿ ಎಂದು ಅವಳು ಓದು ಬಿಟ್ಟಳು. ತಮ್ಮ ಐದನೇ ತರಗತಿಯಲ್ಲಿ ಮೇಷ್ಟ್ರ ಕಡೆಗೆ ಮಸಿ ಬಾಟಲಿ ಎಸೆದು ಮನೆಗೆ ಬಂದ. ಅಪ್ಪ ಬೆಲ್ಟು ಬಿಚ್ಚಿದರು. ಅಕ್ಕ ಮಧ್ಯೆ ನಿಂತು, "ಬಿಡಪ್ಪ, ನಂದು ಹತ್ತು, ಇವಂದು ಐದು. ಕೂಡಿಸಿದ್ರೆ ಒಂದು ಡಿಗ್ರಿ ಆಯ್ತಲ್ಲ, ಮನೆಗೆ ಒಂದು ಸಾಕು" ಎಂದಳು. ಅಪ್ಪನಿಗೆ ನಗು ಬಂದು ನಾನು ಉಳಿದುಕೊಂಡೆ.

ಮದುವೆ ಎಂದರೆ, "ಮೊದಲು ಇವನ ಸಿಟ್ಟಿಗೊಂದು ಗಂಡು ನೋಡಿ ಕಳಿಸ್ತೀನಿ, ಆಮೇಲೆ ನಂದು" ಎನ್ನುತ್ತಿದ್ದಳು. ಹಾಗೆ ಹೇಳುತ್ತಲೇ ನನ್ನ ಮದುವೆ ಮಾಡಿಸಿದಳು, ಅಪ್ಪನನ್ನು ಕೊನೆಗಾಲದಲ್ಲಿ ನೋಡಿಕೊಂಡು ಕಳಿಸಿಕೊಟ್ಟಳು, ನನ್ನ ಮಗಳಿಗೆ ಎಣ್ಣೆ ತಿಕ್ಕಿದಳು, ತಲೆ ನರೆಸಿಕೊಂಡಳು. ನಾನು ಯಾರ ಮೇಲಾದರೂ ಕೂಗಾಡಲು ಬಾಯಿ ತೆರೆದರೆ ಅವಳು ಮಣೆಯಿಂದಲೇ, "ಅಂಟು ಉಕ್ಕುತ್ತಿದೆ ನೋಡೋ, ಇಳಿಸು" ಎನ್ನುತ್ತಾಳೆ. ಒಲೆಯ ಮೇಲೆ ಅಂಟು ಇರುವುದೇ ಇಲ್ಲ. ಗಿರಾಕಿಗಳು ಒಲೆಯ ಕಡೆ ನೋಡುತ್ತಾರೆ, ನಾನೂ ನೋಡುತ್ತೇನೆ, ಅಷ್ಟರಲ್ಲಿ ಬೈಗುಳ ಅರ್ಧ ತಣ್ಣಗಾಗಿರುತ್ತದೆ.

ಅವಳ ಕೆಲಸದ ಬಗ್ಗೆ ಒಂದಿಷ್ಟು ಹೇಳಲೇಬೇಕು. ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು ಪುಸ್ತಕವೆಂದರೆ ಹದಿನಾರು ಹದಿನಾರು ಪುಟಗಳ ಮಡಿಕೆಗಳು. ಒಂದೊಂದು ಮಡಿಕೆಗೆ ಫಾರಂ ಎನ್ನುತ್ತೇವೆ. ಮೇಜಿನ ಮೇಲೆ ಒಂದನೇ ಫಾರಂಗಳ ರಾಶಿ, ಪಕ್ಕದಲ್ಲಿ ಎರಡನೆಯದರ ರಾಶಿ, ಅದರ ಪಕ್ಕ ಮೂರನೆಯದು, ಹೀಗೆ ಸಾಲಾಗಿ ಇಟ್ಟು, ಪ್ರತಿ ರಾಶಿಯಿಂದ ಒಂದೊಂದನ್ನು ಕೈಗೆತ್ತಿಕೊಳ್ಳುತ್ತ ಹೋದರೆ ಒಂದು ಪುಸ್ತಕ ಸೇರುತ್ತದೆ. ದಿನಕ್ಕೆ ಸಾವಿರ ಸಲ ಮಾಡುವ ಕೆಲಸ. ಕೈ ತಾನಾಗಿಯೇ ಒಂದು ಇಲ್ಲಿ, ಒಂದು ಅಲ್ಲಿ ಎಂದು ನಡೆದುಕೊಳ್ಳುತ್ತದೆ. ಸೇರಿದ ಮೇಲೆ ಅಕ್ಕ ಫಾರಂಗಳನ್ನು ಕುಟ್ಟಿ ಸಮ ಮಾಡಿ, ಮಡಿಕೆಗಳ ಬೆನ್ನಿನ ಮೇಲೆ ಸ್ಕೇಲಿಟ್ಟು ಪೆನ್ಸಿಲಿನಿಂದ ಒಂದು ಓರೆ ಗೆರೆ ಎಳೆಯುತ್ತಾಳೆ, ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ. ಆಮೇಲೆ ಒಂದೇ ಒಂದು ಫಾರಂ ಹಿಂದೆ ಮುಂದೆ ಆದರೂ ಗೆರೆ ಮುರಿದು ಕಾಣುತ್ತದೆ. ಬೇರೆ ಅಂಗಡಿಗಳಲ್ಲಿ ಇದನ್ನು ಮಾಡುವುದಿಲ್ಲ. ಹೊಲಿದು, ಅಂಟು ಸವರಿ, ಬಟ್ಟೆ ಹಾಕಿದ ಮೇಲೆ ಆ ಗೆರೆ ಮುಚ್ಚಿಹೋಗುತ್ತದೆ. ಓದುವವರಿಗೆ ಅದು ಇದೆಯೆಂದೇ ಗೊತ್ತಿರುವುದಿಲ್ಲ.

ಹಿಂದಿನ ಬೀದಿಯ ಪ್ರೆಸ್ಸಿನವರು ಹೆಣ್ಣುಮಕ್ಕಳಿಗಾಗಿ ಸಣ್ಣ ಸಣ್ಣ ದೆವ್ವದ ಕಾದಂಬರಿ ಅಚ್ಚು ಹಾಕುತ್ತಿದ್ದರು. ಹಾಸ್ಟೆಲಿನ ಕೊನೆಯ ಕೋಣೆ, ಶಾಲೆಯ ನೀರಿನ ತೊಟ್ಟಿ, ಕನ್ನಡಿಯಲ್ಲಿ ಬೇರೆಯವಳ ಮುಖ, ಈ ತರಹದ್ದು. ಅಕ್ಕನಿಗೆ ಅದೆಂದರೆ ಪ್ರಾಣ. ಆದರೆ ಅಂಚು ಕತ್ತರಿಸುವ ಮೊದಲು ಫಾರಂನಲ್ಲಿ ಎಲ್ಲ ಪುಟ ಓದಲು ಬರುವುದಿಲ್ಲ. ಅರ್ಧ ಕಾಣುತ್ತದೆ, ಅರ್ಧ ಮಡಿಕೆಯೊಳಗೆ. ದೆವ್ವ ಬಾಗಿಲು ತಟ್ಟುವುದು ಸಿಗುತ್ತದೆ, ಬಾಗಿಲು ತೆಗೆದವಳು ಏನಾದಳೆಂಬುದು ಸಿಗುವುದಿಲ್ಲ. ಸಿಗದ್ದನ್ನು ಅಕ್ಕ ತಾನೇ ಕಟ್ಟುತ್ತಿದ್ದಳು. ಪುಸ್ತಕ ಪೂರ್ತಿಯಾದ ಮೇಲೆ ನಿಜವಾದದ್ದು ಓದು ಎಂದು ಕೊಟ್ಟರೆ, "ಬೇಡ ಕಣೋ, ನಂದೇ ಚೆನ್ನಾಗಿದೆ" ಎಂದು ದೂಡಿಬಿಡುತ್ತಿದ್ದಳು. ಇಷ್ಟೆಲ್ಲ ದೆವ್ವಗಳನ್ನು ಮಡಚಿಟ್ಟ ಹೆಂಗಸು ಹಲ್ಲಿ ಕಂಡರೆ ಮಣೆ ಬಿಟ್ಟು ಬೀದಿಗೆ ಓಡುತ್ತಾಳೆ.

ಈ ಕಟ್ಟಿದ ಕತೆಗಳಿಗೆ ಕೇಳುಗರು ಇಬ್ಬರು. ಒಬ್ಬಳು ನನ್ನ ಮಗಳು. ಸಣಕಲಿ, ಗೀರಿದರೆ ಹತ್ತಿಕೊಳ್ಳುತ್ತಾಳೆ, ನನ್ನ ಹಾಗೆ; ಅಕ್ಕ ಅವಳಿಗೆ 'ಕಡ್ಡಿ' ಎಂದು ಹೆಸರಿಟ್ಟಿದ್ದಳು. ಇನ್ನೊಬ್ಬಳು ಎದುರಿನ ಸ್ಟುಡಿಯೋದವನ ಮಗಳು. ಅವಳು ನಕ್ಕರೆ ಇದ್ದಕ್ಕಿದ್ದಂತೆ, ಕೋಣೆಗೆಲ್ಲ ಬೆಳಕು ಬಿದ್ದ ಹಾಗೆ, ಅವಳು 'ಫ್ಲ್ಯಾಶು'. ಐದು ವರ್ಷದಿಂದ ಹದಿನಾಲ್ಕರವರೆಗೆ ಇಬ್ಬರೂ ಒಂದೇ ಬೆಂಚು, ಒಂದೇ ಕೊಡೆ. ಶಾಲೆ ಬಿಟ್ಟವರು ನೇರವಾಗಿ ಅಂಗಡಿಯ ಮೆಟ್ಟಿಲಿಗೆ ಬಂದು ಕೂರುತ್ತಿದ್ದರು.

ಅವರಿಗೆ ಹದಿನಾಲ್ಕು ನಡೆಯುವಾಗ ಅಕ್ಕನ ಕಣ್ಣು ಕೈಕೊಟ್ಟಿತು. "ಪುಟದ ಅಂಚೆಲ್ಲ ಕಾಣ್ತದೆ ಕಣೋ. ಅಕ್ಷರ ಇರೋ ಕಡೆ ಮಾತ್ರ ಹೊಗೆ" ಎಂದಳು. ಡಾಕ್ಟರು ಕಣ್ಣಿನ ಹಿಂದಿನ ಪರದೆ ಸವೆದಿದೆ, ಕನ್ನಡಕಕ್ಕೂ ಬಗ್ಗುವುದಿಲ್ಲ, ಆಪರೇಷನ್ನಿಗೂ ಬಗ್ಗುವುದಿಲ್ಲ ಎಂದರು. ಹೊಲಿಗೆ ಅವಳ ಬೆರಳಿನಲ್ಲೇ ಇತ್ತು, ಅದು ನಿಲ್ಲಲಿಲ್ಲ. ಓದು ನಿಂತಿತು. ಆಗ ಹುಡುಗಿಯರಿಬ್ಬರೂ ಓದಲು ಶುರು ಮಾಡಿದರು. ಒಂದು ಪುಟ ಕಡ್ಡಿ, ಒಂದು ಪುಟ ಫ್ಲ್ಯಾಶು. ಒಬ್ಬಳು ದೆವ್ವದ ದನಿ, ಇನ್ನೊಬ್ಬಳು ಕಿರುಚುವವಳ ದನಿ. ದಿನವಿಡೀ ಅಕ್ಕ ನಾಲ್ಕೂವರೆ ಆಗುವುದನ್ನೇ ಕಾಯುತ್ತಿದ್ದಳು. ನನಗೆ ಎಂಟು ಸಲ ಗಂಟೆ ಕೇಳುತ್ತಿದ್ದಳು. ಅವಳಿಗೆ ಉಳಿದಿದ್ದ ಸುಖ ಅದೊಂದೇ ಎಂದು ನನಗೆ ಗೊತ್ತಿತ್ತು. ಅದಕ್ಕೇ, ಅದು ಮುರಿದುಬಿದ್ದಾಗ ನನಗೂ ಊಟ ಸೇರಲಿಲ್ಲ.

ಮುರಿದದ್ದು ಒಂದು ಮೆಟ್ಟಿಲಿನಿಂದ. ಇಬ್ಬರೂ ಅಕ್ಕನೆದುರು ಸೇರಿಕೊಂಡು ಒಂದು ಕತೆ ಕಟ್ಟಿದ್ದರು. ಶಾಲೆಯ ಹಿಂದಿನ ಮೆಟ್ಟಿಲು ಜೊತೆಯಲ್ಲಿ ಹತ್ತಿದರೆ ಹನ್ನೆರಡು, ಒಬ್ಬಳೇ ಹತ್ತಿದರೆ ಹದಿಮೂರು; ಹದಿಮೂರನೆಯದರ ಮೇಲೆ ಕಾಲಿಟ್ಟವಳು ಕೆಳಗಿಳಿಯುವಾಗ ಅವಳಾಗಿರುವುದಿಲ್ಲ. ಆ ಕತೆ ಶಾಲೆಯ ಗೋಡೆಪತ್ರಿಕೆಯಲ್ಲಿ ಬಂತು, ಕೆಳಗೆ ನನ್ನ ಮಗಳ ಹೆಸರೊಂದೇ.

"ಬರೆದಿದ್ದು ನಾನೇ ತಾನೆ?" ಎಂದಳು ಕಡ್ಡಿ, ಮೆಟ್ಟಿಲ ಮೇಲೆ ನಿಂತು.

"ಬರೆದಿದ್ದು ನೀನು. ಹದಿಮೂರನೇ ಮೆಟ್ಟಿಲು ಯಾರದ್ದೇ? ನಿಮ್ಮಪ್ಪಂದಾ?"

"ಅಪ್ಪನ ಸುದ್ದಿಗೆ ಬರಬೇಡ!"

"ಬರ್ತೀನಿ. ಕದ್ದ ಮಾಲಿಗೆ ರಟ್ಟು ಹಾಕೋ ಮನೆ ನಿಮ್ಮದು!"

ನಾನು ಒಳಗಿಂದ ಎದ್ದು ಬಂದೆ. ಅಕ್ಕ ಎಂದಿನಂತೆ ಅಂಟು ಉಕ್ಕುತ್ತಿದೆ ಎಂದಳು, ಆದರೆ ಅವಳ ದನಿಯಲ್ಲಿ ಬಲವಿರಲಿಲ್ಲ. ಅವತ್ತಿನಿಂದ ಕಡ್ಡಿ ಮೆಟ್ಟಿಲ ಮೇಲಿದ್ದರೆ ಫ್ಲ್ಯಾಶು ರಸ್ತೆ ದಾಟುವುದಿಲ್ಲ. ಫ್ಲ್ಯಾಶು ಬಂದರೆ ಕಡ್ಡಿ ಎದ್ದು ಹೋಗುತ್ತಾಳೆ. ಒಬ್ಬಳೇ ಕೂತು ಓದಿದರೆ ಅಕ್ಕನಿಗೆ ರುಚಿಸುತ್ತಿರಲಿಲ್ಲ. "ದೆವ್ವಾನೂ ನೀನೇ, ಕಿರುಚೋಳೂ ನೀನೇ ಆದ್ರೆ ಯಾರಿಗೆ ಭಯ ಆಗುತ್ತೇ ಹುಡುಗಿ?" ಎಂದು ಪುಸ್ತಕ ಮುಚ್ಚಿಸಿಬಿಡುತ್ತಿದ್ದಳು.

ಆಗಲೇ ಶಾಲೆಯ ಲೈಬ್ರರಿ ಮೇಡಂ ಒಂದು ಸ್ಪರ್ಧೆ ಇಟ್ಟರು. ಕೈಬರಹದಲ್ಲಿ ಒಂದು ಪೂರ್ತಿ ಕತೆಪುಸ್ತಕ ಬರೆದು, ಬೈಂಡು ಮಾಡಿಸಿ ತರಬೇಕು. ಗೆದ್ದ ಪುಸ್ತಕಕ್ಕೆ ನಂಬರು ಹಾಕಿ ಲೈಬ್ರರಿ ಬೀರುವಿನಲ್ಲಿ ಇಡುತ್ತಾರೆ. ಕಡ್ಡಿ ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಅತ್ತೆಯ ಕಿವಿಯಲ್ಲಿ ಗುಸುಗುಸು ಮಾಡುತ್ತಿದ್ದಳು. ನಾನು ಊಟಕ್ಕೆ ಮನೆಗೆ ಹೋದಾಗ ಫ್ಲ್ಯಾಶು ಹಿಂದಿನ ಕಿಟಕಿಗೆ ಬರುತ್ತಿದ್ದಳಂತೆ. ಅದು ನನಗೆ ಆಮೇಲೆ ತಿಳಿದದ್ದು. ಇಬ್ಬರಿಗೂ ಅಕ್ಕ ಹೇಳಿಕೊಟ್ಟದ್ದು ಒಂದೇ ಪಾಠ: "ನಾಕು ಹಾಳೆ ಒಟ್ಟಿಗೆ ಮಡಚು, ಹದಿನಾರು ಪುಟ ಆಗುತ್ತೆ. ಹದಿನಾರಕ್ಕೆ ಒಂದು ಅಧ್ಯಾಯ ಮುಗೀಬೇಕು. ಅಂಥವು ಆರು. ಹೆದರಿಸೋದನ್ನ ಕೊನೇ ಸಾಲಿಗೆ ಇಡು."

"ಅತ್ತೆ, ಅವಳೂ ಬರೀತಿದ್ದಾಳಾ?" ಎಂದು ನನ್ನ ಮಗಳು ಕೇಳಿದ್ದು ನನಗೇ ಕೇಳಿಸಿತ್ತು.

"ನಂಗೇನೇ ಕಾಣುತ್ತೆ? ಕಣ್ಣೆಲ್ಲ ಹೊಗೆ."

ಸ್ಪರ್ಧೆ ಸೋಮವಾರ. ಶನಿವಾರ ಮಧ್ಯಾಹ್ನ ಇಬ್ಬರೂ ಒಂದೇ ಹೊತ್ತಿಗೆ ಕಟ್ಟು ಹಿಡಿದುಕೊಂಡು ಅಂಗಡಿಗೆ ಬಂದರು. ಕಡ್ಡಿಯದು ನಮ್ಮ ಅಂಗಡಿಯಲ್ಲಿ ಉಳಿದ ಒರಟು ಹಳದಿ ಹಾಳೆ. ಫ್ಲ್ಯಾಶುವಿನದು ನಯವಾದ ಬಿಳಿ ಹಾಳೆ. ಬಾಗಿಲು ಸಣ್ಣದು, ಇಬ್ಬರೂ ಅದರಲ್ಲಿ ಸಿಕ್ಕಿಕೊಂಡರು.

"ನನ್ನ ಮಗಳದ್ದು ಮೊದಲು" ಎಂದೆ ನಾನು.

ಅಷ್ಟು ಸಾಕಾಯಿತು. ಸ್ಟುಡಿಯೋದವನು ಕುತ್ತಿಗೆಯಲ್ಲಿ ಕ್ಯಾಮೆರಾ ನೇತಾಡಿಸಿಕೊಂಡೇ ರಸ್ತೆ ದಾಟಿ ಬಂದ. "ಯಾಕೆ, ನಮ್ಮ ಮಗು ಕೈಲಿ ಬರೆದಿದ್ದು ಪುಸ್ತಕ ಅಲ್ವಾ? ನೀನು ಅಂಗಡಿ ಇಟ್ಟಿರೋದು ಊರಿಗೋ, ನಿಮ್ಮನೆಗೋ?"

"ಊರಿಗೇ. ಕಳ್ಳಿ ಅಂತ ಬಾಯಿಗೆ ಬಂದ ಹಾಗೆ ಅನ್ನೋರಿಗೆ ಅಲ್ಲ!"

"ಕಳ್ಳೀನ ಕಳ್ಳಿ ಅನ್ನದೆ..."

"ಸಾಕು!" ಎಂದಳು ಅಕ್ಕ. ಅವಳು ದನಿ ಎತ್ತಿದ್ದು ನಾನು ಕೇಳಿದ್ದೇ ಕಡಿಮೆ. ಎರಡೂ ಕೈ ಚಾಚಿದಳು. "ತನ್ನಿ ಇಲ್ಲಿ. ಎರಡೂ ಒಟ್ಟಿಗೇ ತಗೊಂಡೆ. ಮೊದಲೂ ಇಲ್ಲ, ಆಮೇಲೂ ಇಲ್ಲ." ನಮ್ಮೆಲ್ಲರ ಎದುರಿನಲ್ಲೇ ಒಂದೊಂದು ಕಟ್ಟನ್ನೂ ಕುಟ್ಟಿ, ಸ್ಕೇಲಿಟ್ಟು, ಬೆನ್ನಿನ ಮೇಲೆ ಗೆರೆ ಎಳೆದಳು. ಇದಕ್ಕೊಂದು, ಅದಕ್ಕೊಂದು. "ನೋಡಿ, ಒಂದು ಹಾಳೆ ಹಿಂದೆ ಮುಂದೆ ಆದ್ರೆ ಗೊತ್ತಾಗುತ್ತೆ. ಇನ್ನು ಎಲ್ಲರೂ ನಡೀರಿ."

ನಾನು ಅವತ್ತೇ ಹಾಜರಿ ಪುಸ್ತಕಗಳ ಮೂಟೆ ಹೊತ್ತು ಪಕ್ಕದ ಊರಿನ ಕಾರ್ಖಾನೆಗೆ ಹೋಗಬೇಕಿತ್ತು. ಅಲ್ಲಿ ಲೆಕ್ಕ ಮುಗಿಸಿ ಬಂದದ್ದು ಸೋಮವಾರ ಸಂಜೆ. ಅಷ್ಟರಲ್ಲಿ ಆದದ್ದನ್ನು ಮಗಳು ಹೇಳಿದ ಹಾಗೆ ಹೇಳುತ್ತೇನೆ.

ಸೋಮವಾರ ಬೆಳಗ್ಗೆ ಅಕ್ಕ ಕಾಗದ ಸುತ್ತಿದ ಒಂದು ಪೊಟ್ಟಣ ಕೊಟ್ಟು, "ಎರಡೂ ಇದರಲ್ಲೇ ಇದೆ. ಮೇಡಂ ಎದುರಿಗೇ ಬಿಚ್ಚಬೇಕು" ಎಂದಳಂತೆ. ಒಬ್ಬಳ ಕೈಗೆ ಕೊಡಲು ಇನ್ನೊಬ್ಬಳು ಒಪ್ಪಲಿಲ್ಲ. ಆಚೆ ತುದಿ ಅವಳು, ಈಚೆ ತುದಿ ಇವಳು ಹಿಡಿದುಕೊಂಡು, ಮಾತಿಲ್ಲದೆ, ಏಣಿ ಹೊತ್ತವರ ಹಾಗೆ ಶಾಲೆಯವರೆಗೆ ನಡೆದರು. ಮೇಡಂ ಬಿಚ್ಚಿದರು. ಒಳಗಿದ್ದದ್ದು ಒಂದೇ ದಪ್ಪ ಪುಸ್ತಕ. ಹಸಿರು ಬಟ್ಟೆಯ ಬೆನ್ನು, ನನ್ನ ಅಂಗಡಿಯ ಚೀಟಿ.

ಮೇಡಂ ಗಟ್ಟಿಯಾಗಿ ಓದಲು ಶುರು ಮಾಡಿದರು. ಮೊದಲನೆಯ ಅಧ್ಯಾಯ ಹಳದಿ ಹಾಳೆ, ನನ್ನ ಮಗಳದು. ಒಬ್ಬ ಹುಡುಗಿ ಲೈಬ್ರರಿಯಲ್ಲಿ ಪುಸ್ತಕ ತೆರೆಯುತ್ತಾಳೆ, ಅದರಲ್ಲಿ ತನ್ನದೇ ಹೆಸರಿದೆ. ಹಿಂದಿನ ಕೋಣೆಯಿಂದ ಕೆಂಪು ದೀಪ, ಫೋಟೋ ತೊಳೆಯುವ ಔಷಧಿಯ ವಾಸನೆ, ಎರಡು ಜಡೆಯ ಒಬ್ಬಳು ನಡೆದು ಬರುತ್ತಾಳೆ. ದೆವ್ವ ಯಾರೆಂದು ತರಗತಿಗೆಲ್ಲ ಗೊತ್ತಾಯಿತು. ಎಲ್ಲರೂ ಫ್ಲ್ಯಾಶುವಿನ ಜಡೆ ನೋಡಿ ಕಿಸಕ್ಕೆಂದರು. ಪುಟ ತಿರುಗಿಸಿದರೆ ಬಿಳಿ ಹಾಳೆ. ಎರಡು ಜಡೆಯ ಅದೇ ಹುಡುಗಿ ಈಗ ಅಪ್ಪನ ಕತ್ತಲೆ ಕೋಣೆಯಲ್ಲಿ ತರಗತಿಯ ಫೋಟೋ ತೊಳೆಯುತ್ತಿದ್ದಾಳೆ. ಇದ್ದದ್ದು ಮೂವತ್ತಾರು ಜನ, ಫೋಟೋದಲ್ಲಿ ಮೂವತ್ತೇಳು. ಹೆಚ್ಚಾದವಳು ಸಣಕಲಿ, ಬೆರಳುಗಳೆಲ್ಲ ಅಂಟಿನಿಂದ ಸೆಟೆದಿವೆ. ಒಂದೊಂದು ಪ್ರತಿ ತೆಗೆದಾಗಲೂ ಅವಳು ಒಂದೊಂದು ಸಾಲು ಮುಂದೆ ಬಂದಿರುತ್ತಾಳೆ, ಆ ಸಾಲಿನವಳೊಬ್ಬಳು ಇರುವುದಿಲ್ಲ.

ಹೀಗೆ ಒಂದು ಇವಳದು, ಒಂದು ಅವಳದು. ಒಂದರಲ್ಲಿ ಓಡುವವಳು ಇನ್ನೊಂದರಲ್ಲಿ ಅಟ್ಟಿಸಿಕೊಂಡು ಬರುತ್ತಾಳೆ. ನಾಲ್ಕನೆಯ ಅಧ್ಯಾಯಕ್ಕೆ ಕಿಸಕ್ಕೆನ್ನುವವರು ಯಾರೂ ಇರಲಿಲ್ಲವಂತೆ. ಗಂಟೆ ಹೊಡೆದರೂ ಎದ್ದು ಹೊರಗೆ ಹೋಗಲು ಒಬ್ಬಳಿಗೂ ಧೈರ್ಯವಿಲ್ಲ. ಆದರೆ ನಿಯಮ ನಿಯಮವೇ: ಒಂದು ಪುಸ್ತಕಕ್ಕೆ ಒಬ್ಬಳೇ ಬರೆದವಳು. ಇಬ್ಬರಿಗೂ ಬಹುಮಾನವಿಲ್ಲ.

ಬಸ್ಸಿಳಿದವನಿಗೆ ಈ ಸುದ್ದಿ ಮೊದಲು ಮುಟ್ಟಿಸಿದವನು ಸ್ಟುಡಿಯೋದವನು. "ನಾಕು ಕಾಸಿನ ದಾರ ಉಳಿಸೋಕೆ ಎರಡು ದೆವ್ವ ಒಟ್ಟಿಗೆ ಹೊಲಿದ್ಯಲ್ಲೋ ಮಾರಾಯ!" ಎಂದು ಬೀದಿಯ ಎದುರು ನಕ್ಕ. ಏನಾಗಿದೆಯೆಂದು ಥಟ್ಟನೆ ಹೊಳೆಯಿತು: ಎರಡು ರಾಶಿ ಪಕ್ಕಪಕ್ಕ ಇಟ್ಟುಕೊಂಡಿದ್ದಾಳೆ, ಅಕ್ಷರ ಕಾಣುವುದಿಲ್ಲ, ಕೈ ಮೂವತ್ತೈದು ವರ್ಷದ ರೂಢಿಯಲ್ಲಿ ಒಂದು ಇಲ್ಲಿಂದ, ಒಂದು ಅಲ್ಲಿಂದ ಎತ್ತಿಕೊಂಡು ಹೋಗಿದೆ. ಅಂಗಡಿಗೆ ನುಗ್ಗಿದೆ. ಇಬ್ಬರು ಗಿರಾಕಿಗಳಿದ್ದರು. ನಾನು ಅವರನ್ನು ಲೆಕ್ಕಿಸಲಿಲ್ಲ.

"ಕಣ್ಣು ಕಾಣದಿದ್ರೆ ಸೂಜಿ ಯಾಕೆ ಮುಟ್ಟುತ್ತೀಯ? ಕುರುಡಿ ಹೊಲಿದದ್ದಕ್ಕೆ ನನ್ನ ಮಗಳ ಕೆಲಸ ಹಾಳಾಯ್ತು, ನನ್ನ ಮರ್ಯಾದೆ ಹೋಯ್ತು! ಮುಟ್ಟಬೇಡ ಇನ್ನು!"

ಅವಳು ಅಂಟು ಉಕ್ಕುತ್ತಿದೆ ಎನ್ನಲಿಲ್ಲ. ಬೆರಳಿನಿಂದ ಹಿತ್ತಾಳೆ ಟೋಪಿ ತೆಗೆದು ನನ್ನ ಮೇಜಿನ ಅಂಚಿಗೆ ಇಟ್ಟಳು. ಅದು ಉರುಳದ ಹಾಗೆ ಒಂದು ಚೂರು ರಟ್ಟು ಅಡ್ಡ ಕೊಟ್ಟಳು. ಅಷ್ಟೆ.

ಅದೇ ಹೊತ್ತಿಗೆ ಹುಡುಗಿಯರಿಬ್ಬರೂ ಬಂದರು, ಪುಸ್ತಕವನ್ನು ಮತ್ತೆ ಎರಡು ತುದಿಯಲ್ಲಿ ಹಿಡಿದುಕೊಂಡು.

"ಬಿಚ್ಚಿಕೊಡಿ ಅತ್ತೆ. ನಂದು ನಂಗೆ ಬೇಕು" ಎಂದಳು ಫ್ಲ್ಯಾಶು.

"ನಂದೂ" ಎಂದಳು ಕಡ್ಡಿ.

"ಬಿಚ್ತೀನಮ್ಮ. ಈಗ ತಾನೇ ಕೇಳಿದ್ರಲ್ಲ, ನಂಗೆ ಕಾಣಲ್ಲ. ಯಾವುದು ಯಾರದ್ದು ಅಂತ ತಿಳೀದೆ ಕತ್ತರಿ ಹಾಕಿದ್ರೆ ಮತ್ತೆ ಎಡವಟ್ಟು. ಮೊದಲಿಂದ ಸಾಲಾಗಿ ಓದಿ. ಯಾವುದನ್ನ ಯಾರು ಬರೆದ್ರೋ ಅದನ್ನ ಅವರೇ ಓದಬೇಕು. ದಿನಕ್ಕೆ ಎರಡು ಅಧ್ಯಾಯ ಸಾಕು, ನನ್ನ ತಲೆ ಹಿಡಿಯಲ್ಲ."

ಆರು ಸಂಜೆ ಹಿಡಿಯಿತು. ನಾನು ಕಟಿಂಗ್ ಮಷಿನ್ನಿನ ಹಿಂದೆ ನಿಂತು, ಮುಖ ಊದಿಸಿಕೊಂಡು, ಒಂದೇ ರಟ್ಟನ್ನು ನಾಲ್ಕು ಸಲ ಅಳೆಯುತ್ತ ಕೇಳುತ್ತಿದ್ದೆ. ಮೊದಲನೆಯ ದಿನ ಇಬ್ಬರ ಮಧ್ಯೆ ಎರಡು ಮೊಳ ಜಾಗ. ಒಬ್ಬಳು ಓದುವಾಗ ಇನ್ನೊಬ್ಬಳು ಬೀದಿ ನೋಡುತ್ತಿದ್ದಳು. ಮೂರನೆಯ ದಿನ ಫ್ಲ್ಯಾಶು ತಡೆಯಲಾರದೆ, "ನನ್ನ ಜಡೆ ಅಷ್ಟು ಗಲೀಜಾಗಿದ್ಯೇನೇ?" ಎಂದಳು.

"ಅದು ದೆವ್ವದ ಜಡೆ ಕಣೇ, ನಿಂದಲ್ಲ."

"ದೆವ್ವಕ್ಕೆ ನನ್ನ ರಿಬ್ಬನ್ ಯಾಕೆ ಹಾಕಿದ್ದೀಯ ಮತ್ತೆ?"

"ನೀನು ನನ್ನ ಬೆರಳಿಗೆ ಅಂಟು ಮೆತ್ತಿಲ್ವಾ? ನಾನು ದಿನಾ ಕೈ ತೊಳ್ಕೋತೀನಿ!"

ಅಕ್ಕ ಮಧ್ಯೆ ಬಾಯಿ ಹಾಕಲಿಲ್ಲ. ಕೆನ್ನೆ ಮಾತ್ರ ಒಳಗಿಂದ ಕಚ್ಚಿ ಹಿಡಿದುಕೊಂಡಿದ್ದಳು. ನಾಲ್ಕನೆಯ ದಿನ ಕಡ್ಡಿ, "ಈ ಫೋಟೋದೊಳಗೆ ಹತ್ತಿರ ಹತ್ತಿರ ಬರೋದು ಚೆನ್ನಾಗಿದೆ" ಎಂದು ನೆಲ ನೋಡುತ್ತ ಹೇಳಿದಳು. ಆಮೇಲೆ ಇನ್ನೂ ಮೆಲ್ಲಗೆ, "ಮೆಟ್ಟಿಲು ನಿಂದೇ. ಮೇಡಂಗೆ ಹೇಳ್ತೀನಿ." ಐದನೆಯ ದಿನ ಒಬ್ಬಳು ಓದುವ ಕಡೆ ಇನ್ನೊಬ್ಬಳು ಕಿರುಚಿದಳು, ಹಳೆಯ ಸರದಿಯಂತೆ. ಅಕ್ಕ ಸೆರಗಿನಿಂದ ಕಣ್ಣೊರಸಿಕೊಂಡು, "ಹೊಗೆ ಜಾಸ್ತಿ ಇವತ್ತು" ಎಂದಳು.

ಆರನೆಯ ದಿನ ಕೊನೆ ಬಂತು. ಕಡ್ಡಿಯ ಕತೆಯಲ್ಲಿ ಜಡೆಯವಳನ್ನು ಕತ್ತಲೆ ಕೋಣೆಯಲ್ಲಿ ಬೀಗ ಹಾಕಿ ಬಿಡುತ್ತಾರೆ. ಫ್ಲ್ಯಾಶುವಿನ ಕತೆಯಲ್ಲಿ ಅಂಟಿನ ಬೆರಳಿನವಳು ಎರಡು ಪುಟದ ಮಧ್ಯೆ ಅಂಟಿಕೊಂಡು ಉಳಿಯುತ್ತಾಳೆ. ಓದಿ ಮುಗಿಯಿತು. ಇಬ್ಬರಿಗೂ ತಮ್ಮ ಕೊನೆ ಹಿಡಿಸಲಿಲ್ಲ. ಕಡ್ಡಿ ಪುಟ ತಿರುಗಿಸಿದಳು.

"ಇದೇನತ್ತೆ, ಹಿಂದೆ ಖಾಲಿ ಹಾಳೆ? ಹದಿನಾರು ಪುಟ ಇದೆ!"

"ಹೌದಾ? ಕೈಗೆ ಸಿಕ್ಕಿದ್ದು ಹೊಲಿದಿರಬೇಕು, ಕುರುಡಿ. ಖಾಲಿ ಇದ್ರೆ ಇಬ್ಬರೂ ಸೇರಿ ಒಂದು ಕೊನೆ ಬರೀರಿ. ನಂಗೆ ಓದಿ ಹೇಳಿ. ಆಮೇಲೆ ಬಿಚ್ತೀನಿ."

"ಖಂಡಿತ ಅತ್ತೆ" ಎಂದರು ಇಬ್ಬರೂ, ಒಂದೇ ಬಾಯಲ್ಲಿ.

ಬಿಚ್ಚುವ ಮಾತು ಅಲ್ಲಿಗೇ ಬಿಟ್ಟುಹೋಯಿತು. ಮೇಡಂ ಬಹುಮಾನ ಕೊಡದಿದ್ದರೂ ಪುಸ್ತಕ ಕೇಳಿ ತರಿಸಿಕೊಂಡು ನಂಬರು ಹಾಕಿದರು. ಅದಕ್ಕಾಗಿ ಹುಡುಗಿಯರು ಸಾಲು ನಿಲ್ಲತೊಡಗಿದರು. ಕೊನೆ ಬರೆಯುವುದು ಪರೀಕ್ಷೆಯ ಆಚೆಗೆ ಹೋಯಿತು, ರಜೆಯ ಆಚೆಗೆ ಹೋಯಿತು. ಆದರೆ ನಾಲ್ಕೂವರೆಗೆ ಮೆಟ್ಟಿಲ ಮೇಲೆ ಇಬ್ಬರೂ ಇರುತ್ತಿದ್ದರು, ಶಾಲೆ ಮುಗಿಯುವವರೆಗೂ. ಈಗ ಇಬ್ಬರಿಗೂ ಇಪ್ಪತ್ತಾರು. ಒಬ್ಬಳು ನರ್ಸು, ಒಬ್ಬಳು ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುತ್ತಾಳೆ. ಊರು ಬೇರೆ, ಫೋನು ಮಾತ್ರ ದಿನವೂ.

ನಾನು ಕುರುಡಿ ಎಂದು ಕೂಗಾಡಿದ ದಿನದಿಂದ ಅಕ್ಕ ಸೂಜಿ ಮುಟ್ಟಲಿಲ್ಲ. ಮಾರನೆಯ ಬೆಳಗ್ಗೆ ಎಂದಿನಂತೆ ಬಂದು ಮಣೆಯ ಮೇಲೆ ಕೂತಳು, ಹಾಳೆ ಮಡಚಿದಳು, ಫಾರಂ ಸೇರಿಸಿದಳು, ನನ್ನ ಸಿಟ್ಟಿಗೆ ಅಂಟು ಇಳಿಸಿದಳು. ಹೊಲಿಗೆ ಬಂದಾಗ ರಾಶಿಯನ್ನು ನನ್ನ ಕಡೆಗೆ ಸರಿಸಿದಳು. ನಾನೂ ಹಟಮಾರಿ, ಹೊಲಿದೆ. ಹಿತ್ತಾಳೆ ಟೋಪಿ ನನ್ನ ಬೆರಳಿಗೆ ಹಿಡಿಸುವುದಿಲ್ಲ. ಡ್ರಾಯರಿಗೆ ಹಾಕಿದೆ.

ಹೋದ ತಿಂಗಳು ಶಾಲೆಯಿಂದ ಹರಿದ ಪುಸ್ತಕಗಳ ಒಂದು ಮೂಟೆ ರಿಪೇರಿಗೆ ಬಂತು. ಅದರಲ್ಲಿ ಇದೂ ಇತ್ತು. ಹಸಿರು ಬೆನ್ನು ಕಿತ್ತಿತ್ತು, ಮೂಲೆಗಳು ಸಾವಿರ ಬೆರಳು ತಿಕ್ಕಿ ದುಂಡಗಾಗಿದ್ದವು. ಒಳಗೆ ಈಗಿನ ಮೇಡಂ ಒಂದು ಚೀಟಿ ಇಟ್ಟಿದ್ದರು: ಹಿಂದಿನ ಖಾಲಿ ಹಾಳೆಗಳನ್ನು ತೆಗೆದುಹಾಕಿ. ನಾನು ಒದ್ದೆ ಬಟ್ಟೆ ಹಾಕಿ ಹಳೆಯ ಅಂಟು ನೆನೆಸಿ, ಚಾಕುವಿನಿಂದ ಬೆನ್ನಿನ ಬಟ್ಟೆಯನ್ನು ಎಬ್ಬಿಸಿದೆ. ಬೆನ್ನು ಬರಿದಾಯಿತು. ನೋಡುತ್ತ ಹಾಗೇ ನಿಂತುಬಿಟ್ಟೆ.

ಹಳದಿ ಫಾರಂಗಳ ಬೆನ್ನಿನ ಮೇಲೆ ಶನಿವಾರ ಎಳೆದ ಗೆರೆ ರಬ್ಬರಿನಿಂದ ಉಜ್ಜಿ ಅಳಿಸಿದೆ. ಬಿಳಿ ಫಾರಂಗಳದ್ದೂ ಅಳಿಸಿದೆ. ಎರಡೂ ಚೂರು ಚೂರಾಗಿ, ಮಸುಕಾಗಿ ಉಳಿದಿವೆ. ಅವುಗಳ ಮೇಲೆ ಹೊಸದಾಗಿ, ಕಪ್ಪಗೆ, ಒಂದೇ ಒಂದು ಗೆರೆ. ಹಳದಿ, ಬಿಳಿ, ಹಳದಿ, ಬಿಳಿ ಎಂದು ಹನ್ನೆರಡೂ ಫಾರಂ ದಾಟಿ, ಹದಿಮೂರನೆಯ ಖಾಲಿ ಫಾರಂನ ಮೂಲೆಗೆ ಬಂದು ನಿಂತಿದೆ. ಎಲ್ಲಿಯೂ ಮುರಿದಿಲ್ಲ. ಕೈತಪ್ಪಿ ಬೆರೆಸಿದವಳು ರಬ್ಬರು ತೆಗೆದುಕೊಳ್ಳುವುದಿಲ್ಲ. ಒರಟು ಹಾಳೆ ಯಾವುದು, ನಯದ್ದು ಯಾವುದು ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ನನಗೆ ಅದು ಹೊಳೆಯಲೇ ಇಲ್ಲ.

ಪುಸ್ತಕ ಹಿಡಿದುಕೊಂಡು ಮಣೆಯ ಹತ್ತಿರ ಹೋದೆ. "ಅಕ್ಕ, ಇದರಲ್ಲಿ ಗೆರೆ ಒಂದೇ ಇದೆ."

"ಯಾವುದರಲ್ಲೋ?"

"ಎರಡು ದೆವ್ವದ್ದು. ಎರಡು ಅಳಿಸಿ ಒಂದು ಎಳೆದಿದ್ದೀಯ."

"ನಂಗೆ ಕಣ್ಣು ಕಾಣಲ್ಲ ಅಂತ ನೀನೇ ಅಂದಿದ್ಯಲ್ಲೋ ತಮ್ಮ" ಎಂದಳು, ಮಡಚುವ ಕೈ ನಿಲ್ಲಿಸದೆ.

ಎದುರಿನ ಸ್ಟುಡಿಯೋದವನನ್ನು ಕೂಗಿ ಕರೆದು ತೋರಿಸೋಣವೆನ್ನಿಸಿತು. ಬಾಗಿಲಿಗೆ ಹೋಗಿ ನಿಂತೆ ಕೂಡ. ಏನೆಂದು ತೋರಿಸುವುದು? ತೋರಿಸಿದರೆ ನಾನು ಅವತ್ತು ಅಂದ ಮಾತನ್ನೂ ಹೇಳಬೇಕು. ವಾಪಸು ಬಂದು ಡ್ರಾಯರಿನಿಂದ ಟೋಪಿ ತೆಗೆದು ಅವಳ ಅಂಗೈಗೆ ಹಾಕಿದೆ. "ಅಕ್ಕ, ಅವತ್ತು ನಾನು..." ಎಂದೆ.

ಅವಳು ಅದನ್ನು ತಿರುಗಿಸಿ ತಿರುಗಿಸಿ ಮುಟ್ಟಿ ನೋಡಿದಳು, ಬೆರಳಿಗೆ ಹಾಕಿ ನೋಡಿದಳು. ಬೆರಳ ಗಂಟು ದಪ್ಪವಾಗಿದೆ, ಇಳಿಯಲಿಲ್ಲ. ನನ್ನ ಕೈಗೇ ಕೊಟ್ಟಳು. "ಇದು ನಂಗೆ ಬೇಡ, ನೀನೇ ಇಟ್ಕೋ. ನಂಗೆ ಬರಬೇಕಾಗಿರೋದು ಹದಿನಾರು ಪುಟ. ಆ ಹುಡುಗೀರಿಗೆ ಜ್ಞಾಪಿಸು. ಮತ್ತೆ, ಅಂಟು ಉಕ್ಕುತ್ತಿದೆ ನೋಡು."

ಆ ದಿನ ಒಲೆಯ ಮೇಲೆ ನಿಜವಾಗಿಯೂ ಅಂಟು ಇತ್ತು. ಹೋಗಿ ಇಳಿಸಿದೆ.

ರಾತ್ರಿ ಮಗಳಿಗೆ ಫೋನು ಮಾಡಿ ಕೇಳಿದರೆ, "ಮೊದಲು ಅವಳು ಬರೀಲಿ ಅಪ್ಪ" ಎಂದಳು. ಫ್ಲ್ಯಾಶುವನ್ನು ಕೇಳಿದರೆ, "ಅಂಕಲ್, ಮೊದಲ ಅಧ್ಯಾಯ ಅವಳದ್ದಲ್ವಾ, ಕೊನೇದೂ ಅವಳೇ ಶುರು ಮಾಡ್ಬೇಕು" ಎಂದಳು.

ಪುಸ್ತಕವನ್ನು ಅಕ್ಕ ಹೊಲಿದ ಸಾಲಿನಲ್ಲೇ ಹೊಲಿದೆ. ಬೆನ್ನಿನ ಮೇಲೆ ನನ್ನ ಗೆರೆ ಎಳೆಯಲಿಲ್ಲ. ಖಾಲಿ ಹಾಳೆ ತೆಗೆಯಿರಿ ಎಂಬ ಮೇಡಂ ಚೀಟಿಯನ್ನು ಒಲೆಗೆ ಹಾಕಿ, ಹದಿಮೂರೂ ಫಾರಂ ಸೇರಿಸಿ, ಹೊಸ ಹಸಿರು ಬಟ್ಟೆ ಹಾಕಿ ಶಾಲೆಗೆ ಕಳಿಸಿದೆ. ಹದಿನಾರು ಪುಟ ಖಾಲಿಯೇ ಹೋದವು. ಹಿತ್ತಾಳೆ ಟೋಪಿ ನನ್ನ ಡ್ರಾಯರಿನಲ್ಲೇ ಇದೆ.